ಕೊಕ್ಕೆ ಬಾಗದ ಕ್ರಿಸ್‌ಮಸ್ ಮಿಠಾಯಿ

2018ರ ಡಿಸೆಂಬರಿನಲ್ಲಿ ನಾನು ಮದ್ದೂರಿನ ಮಹಿಳಾ ತರಬೇತಿ ಕೇಂದ್ರವೊಂದರಲ್ಲಿ ಮಿಠಾಯಿ ತಯಾರಿಕೆಯ ಬೋಧಕನಾಗಿದ್ದೆ. ಅಲ್ಲಿ ಎಲ್ಲವೂ ಗಡಿಯಾರದ ಪ್ರಕಾರ: ಒಂಬತ್ತಕ್ಕೆ ಒಲೆ ಹಚ್ಚಬೇಕು, ಐದಕ್ಕೆ ಪಾತ್ರೆ ತೊಳೆದಿರಬೇಕು. ತಯಾರಿಕೆಯ ಹಂತಗಳನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದೆ. ಒಂದು ಹಂತ ಪೂರ್ತಿ ಮುಗಿಯದೆ ಮುಂದಿನದಕ್ಕೆ ಯಾರೂ ಕೈ ಹಾಕುವಂತಿರಲಿಲ್ಲ.

ಚಿಕ್ಕರಸಿನಕೆರೆಯ ಜಯಮ್ಮ ನನ್ನ ವಿದ್ಯಾರ್ಥಿನಿ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುವುದರಲ್ಲಿ ಪಳಗಿದ ಕೈ. ಆದರೆ ಹಬ್ಬ ಕಳೆದ ಮೇಲೆ ವರ್ಷವಿಡೀ ಕೆಲಸವಿಲ್ಲ. ಹಾಗಾಗಿ ಮಂಡ್ಯದ ಕ್ರೈಸ್ತ ಶಾಲೆಯೊಂದರ ಸಿಸ್ಟರ್ ಇನ್ನೂರು ಕ್ಯಾಂಡಿ ಕೇನ್ ಕೇಳಿದ ಕೂಡಲೇ ಒಪ್ಪಿಕೊಂಡಳು. ಇದು ಬಿಳಿಯ ಮೇಲೆ ಕೆಂಪು ಪಟ್ಟೆ ಸುತ್ತಿದ, ತುದಿ ಬಾಗಿದ, ಪುದೀನ ಪರಿಮಳದ ಗಟ್ಟಿ ಮಿಠಾಯಿ. ಮೆಚ್ಚಿಕೆಯಾದರೆ ಪ್ರತಿವರ್ಷದ ಕೆಲಸ. ಇಲ್ಲವಾದರೆ ಶಾಲೆಯವರು ಬೆಂಗಳೂರಿನಿಂದ ತರಿಸಿಕೊಳ್ಳುತ್ತಾರೆ.

ಡಿಸೆಂಬರ್ 20ರಂದು ಆರಂಭಿಸಿದೆವು. ಪಾಕವನ್ನು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಕಲ್ಲಿನ ಮೇಲೆ ಸುರಿದು, ಎಳೆದೆಳೆದು ಮಡಚಬೇಕು. ಒಳಗೆ ಗಾಳಿ ಸೇರಿದಷ್ಟೂ ಬಿಳುಪು ಬರುತ್ತದೆ. ಮುಂದಿನದು ನನ್ನ ಹಲಗೆಯ ಕ್ರಮ: ಪಟ್ಟೆ ಸುತ್ತುವುದು, ಎಲ್ಲವನ್ನೂ ಕತ್ತರಿಸುವುದು, ಕೊನೆಗೆ ಬಗ್ಗಿಸುವುದು. ನಲವತ್ತು ಕಡ್ಡಿ ಕತ್ತರಿಸಿ ಸಾಲಾಗಿಟ್ಟೆವು. ಆರು ಬಾಗಿದವು. ಉಳಿದವು ಪಟಪಟನೆ ಮುರಿದವು.

ಜೊತೆಗೆ ಕಲಿಯುತ್ತಿದ್ದ ಜಯಮ್ಮನ ಓರಗಿತ್ತಿ ರತ್ನ ನಕ್ಕಳು. “ಅಕ್ಕಾ, ಇದ್ನ ಕುಟ್ಟಿ ಎಳ್ಳಿಗೆ ಬೆರೆಸ್ಬುಡು. ಸಂಕ್ರಾಂತಿ ಮುಂಚ್ಗೇ ಬಂತು ಅಂದ್ಕೊಳವ.”

“ಬಾಯ್ ಮುಚ್ಕೊಂಡು ಒಲೆ ನೋಡಮ್ಮಿ” ಎಂದಳು ಜಯಮ್ಮ. ಅವಳ ಮುಖ ಬಾಡಿತ್ತು.

ಮರುದಿನವೂ ಅದೇ ಗತಿ. ನಾನು ಸಿಸ್ಟರ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, “ನೇರ ಕಡ್ಡಿಯನ್ನೇ ಕೊಡುತ್ತೇವೆ. ರುಚಿ ಅದೇ ತಾನೆ?” ಎಂದೆ.

“ಸಾರ್, ಅದು ಕುರಿಗಾಹಿಯ ಕೋಲು. ಯೇಸುಸ್ವಾಮಿ ನಮ್ಮನ್ನು ಕಾಯುವ ಕುರಿಗಾಹಿ. ಬಿಳುಪು ಅವರ ನಿರ್ಮಲತೆ, ಕೆಂಪು ಅವರು ಸುರಿಸಿದ ರಕ್ತ. ಬಾಗೇ ಇಲ್ಲದಿದ್ದರೆ ಮಕ್ಕಳಿಗೆ ಏನಂತ ಹೇಳಲಿ?”

ಇದರ ಮೂಲವೇನೆಂದು ಕೇಳಿದೆ. ಜರ್ಮನಿಯ ಚರ್ಚೊಂದರಲ್ಲಿ, ಗಲಾಟೆ ಮಾಡುವ ಮಕ್ಕಳನ್ನು ಸುಮ್ಮನಿರಿಸಲು ಗಾಯಕವೃಂದದ ಗುರು ಇಂಥ ಕಡ್ಡಿ ಹಂಚಿದರಂತೆ. “ಗಟ್ಟಿ ದಾಖಲೆಯಿಲ್ಲ ಸಾರ್. ಪಟ್ಟೆ ಬಂದದ್ದು ಬಹಳ ಕಾಲದ ಮೇಲೆ. ಅರ್ಥವನ್ನೂ ಆಮೇಲೆ ಸೇರಿಸಿರಬಹುದು. ಆದರೂ ನಮ್ಮ ಮಕ್ಕಳಿಗೆ ಅದು ಆ ಕೋಲೇ” ಎಂದರು.

ಫೋನ್ ಇಟ್ಟೊಡನೆ ಜಯಮ್ಮ ನನ್ನ ಮೇಲೆ ತಿರುಗಿದಳು. “ಕುರಿ ಕಾಯೋರ್ ಕೋಲಾ? ಮೊದ್ಲೇ ಯೋಳ್ಬಾರ್ದಾ ಸಾ! ನಮ್ಮವ್ವ ಆಡಿಗೆ ಸೊಪ್ಪು ಎಳ್ಯಕೆ ಕೊಕ್ಕೆ ಕೋಲು ಮಾಡೋಳು. ಅಸಿ ಕೋಲ್ನ ಕೆಂಡದ ಮ್ಯಾಲೆ ಕಾಯ್ಸಿ, ಬಿಸಿ ಇದ್ದಂಗೇ ಬಗ್ಗಿಸೋಳು. ಒಂದೊಂದೇ! ನಲವತ್ತು ಕಡ್ದು ಆಮ್ಯಾಕೆ ಯಾರಾರಾ ಬಗ್ಗುಸ್ತಾರಾ?”

ಹಲಗೆಯ ಕೊನೆಯ ಎರಡು ಸಾಲನ್ನು ಸೆರಗಿನಿಂದ ಒರೆಸಿಯೇಬಿಟ್ಟಳು. ನಾನು ತಡೆಯಲಿಲ್ಲ. ಪಾಕದ ಮುದ್ದೆಯನ್ನು ಬೆಚ್ಚಗಿನ ಕಾವಲಿಯ ಮೇಲಿಟ್ಟೆವು. ರತ್ನ ಒಂದು ಕತ್ತರಿಸಿದರೆ, ಜಯಮ್ಮ ಆ ಕ್ಷಣವೇ ಲಟ್ಟಣಿಗೆಗೆ ಸುತ್ತಿ ಬಗ್ಗಿಸಿದಳು. ಇಪ್ಪತ್ತೆರಡರ ಸಂಜೆ ಐದಕ್ಕೆ ಇನ್ನೂರ ಹನ್ನೆರಡು ಸಿದ್ಧವಾಗಿದ್ದವು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಮಂಡ್ಯಕ್ಕೆ ಒಯ್ದೆವು. ಸಿಸ್ಟರ್ ಒಂದನ್ನು ಕ್ರಿಸ್‌ಮಸ್ ಮರದ ಕೊಂಬೆಗೆ ನೇತುಹಾಕಿ ಕೈಬಿಟ್ಟರು. ಬೀಳಲಿಲ್ಲ. “ಮುಂದಿನ ವರ್ಷ ನಾನೂರು, ಜಯಮ್ಮ” ಎಂದರು.

ಗಡಿಯಾರವನ್ನೂ ಹಲಗೆಯನ್ನೂ ನಾನು ನಿವೃತ್ತಿಯವರೆಗೆ ಬಿಡಲಿಲ್ಲ. ಆದರೆ ಸೀಮೆಸುಣ್ಣ ಎತ್ತುವ ಮೊದಲು ಆ ವಸ್ತು ಯಾತಕ್ಕೆ ಎಂದು ಹೇಳಿ, ಇಂಥದ್ದನ್ನು ಯಾರಾದರೂ ಮಾಡಿದ್ದೀರಾ ಎಂದು ಕೇಳುತ್ತಿದ್ದೆ. ಪ್ರತಿ ತರಗತಿಯಲ್ಲೂ ಒಬ್ಬರಾದರೂ ಕೈ ಎತ್ತುತ್ತಿದ್ದರು.