ಉಪ್ಪು ನೋಡಿದವರು ಹೇಳಬೇಕು

ಬಲಗೈ ಹೆಬ್ಬೆರಳಿನ ಉಗುರು ಅರಿಶಿನದಿಂದ ಹಳದಿಗಟ್ಟಿ ತುದಿಯಲ್ಲಿ ಸೀಳಿತ್ತು. ಅದು ಎಡಗೈ ಎಂದು ನನ್ನ ತಂಗಿ ವಾದಿಸುತ್ತಾಳೆ. ಇರಲಿ. ಆ ಕೈಯಲ್ಲೇ ನಮ್ಮ ಓಣಿಯ ದೊಡ್ಡವ್ವ ಸಾರಿನ ಸೌಟು ಹಿಡಿದು ದಾರಿಯಲ್ಲಿ ಹೋಗುವವರನ್ನು ಉಪ್ಪು ನೋಡಲು ಕರೆಯುತ್ತಿದ್ದರು. ನಮ್ಮೂರು ಹಿರೇಕೊಟ್ನೆಕಲ್‌ನಲ್ಲಿ ಮದುವೆಯಿರಲಿ, ತಿಥಿಯಿರಲಿ, ಅಡಿಗೆ ಅವರದೇ. ರುಚಿ ನೋಡಿ ಸುಮ್ಮನೆ ಹೊರಟವರನ್ನು ತಡೆದು ನಿಲ್ಲಿಸುತ್ತಿದ್ದರು.

"ನೆಕ್ಕಿ ಓಡಿದ್ರ ಹೆಂಗಲೇ? ಉಪ್ಪು ಹೆಚ್ಚೋ ಕಡಿಮಿಯೋ, ಬಾಯಿಬಿಟ್ಟು ಹೇಳು."

ಮೊಣಕಾಲು ನೋವಿನ ಹೊಸ ಗುಳಿಗೆಯೊಂದನ್ನು ಪರೀಕ್ಷಿಸಲು ರಾಯಚೂರಿನಿಂದ ಸಂಶೋಧಕರ ತಂಡ ಬಂದಿತ್ತು. ಸೂಜಿ ಕಂಡು ಹಿಂಜರಿದ ಹೆಂಗಸರ ಎದುರು ಮೊದಲು ತೋಳು ಚಾಚಿದವರು ದೊಡ್ಡವ್ವ. "ಗದ್ದಿಯಾಗ ಬಗ್ಗಿ ಬಗ್ಗಿ ನಮ್ಮ ಮೊಣಕಾಲಂತೂ ಹೋಗ್ಯಾವ. ಸೊಸ್ತೇರಿಗಾದ್ರೂ ಉಪಯೋಗ ಆಗ್ತದ, ರಕ್ತ ಕೊಡ್ರಿ" ಎಂದರು. ಓಣಿಯೆಲ್ಲ ರಕ್ತ ಕೊಟ್ಟಿತು, ಗುಳಿಗೆ ನುಂಗಿತು. ಫಲಿತಾಂಶ ತಿಳಿಸುತ್ತೇವೆಂದು ಹೋದ ತಂಡ ಮತ್ತೆ ಬರಲಿಲ್ಲ.

"ಏನಾತ ಬೇ ದೊಡ್ಡವ್ವ, ನಿನ್ನ ಗುಳಿಗಿ? ನಮ್ಮ ರಕ್ತ ರಾಯಚೂರಾಗ ಮಾರಿದ್ರೇನು?" ಎಂದು ಓಣಿಯವರು ಚುಡಾಯಿಸುತ್ತಿದ್ದರು. ದೊಡ್ಡವ್ವನೂ ನಗುತ್ತಿದ್ದರೆಂದು ನನ್ನ ನೆನಪು. ಆ ನಗೆಯನ್ನು ಆಮೇಲೆ ನಾನೇ ಸೇರಿಸಿರಬಹುದು.

ಮುಂದೆ ಸಕ್ಕರೆ ಕಾಯಿಲೆಯ ತಪಾಸಣೆಗೆ ಮಾನ್ವಿಯಿಂದ ನರ್ಸ್ ಬಂದರು. ದೊಡ್ಡವ್ವ ಬಾಗಿಲಲ್ಲಿ ಕುರ್ಚಿ ಹಾಕಿ ಚಹಾ ಕೊಟ್ಟರು, ಬೆರಳು ಮಾತ್ರ ಕೊಡಲಿಲ್ಲ.

"ಆ ಗುಳಿಗಿಯವ್ರು ಬ್ಯಾರೆ, ನಾವು ಬ್ಯಾರೆರೀ" ಎಂದರು ನರ್ಸ್.

"ಮೊದ್ಲು ಒಯ್ದ ರಕ್ತದ ಸುದ್ದಿ ತರ್ರಿ ಯವ್ವಾ. ಆಮ್ಯಾಲೆ ಹತ್ತೂ ಬೆರಳು ಕೊಡ್ತೀನಿ."

ಅವರು ಕೊಡದ್ದರಿಂದ ಓಣಿಯೂ ಕೊಡಲಿಲ್ಲ.

ಕಾಲಿನ ಹುಣ್ಣು ಮಾಯದೆ ರಾಯಚೂರಿಗೆ ಒಯ್ದಾಗ ಸಕ್ಕರೆ ಮಿತಿಮೀರಿತ್ತು. ತಡವಾಯಿತು ಎಂದರು ಡಾಕ್ಟರು. ದೊಡ್ಡವ್ವ ಉಳಿಯಲಿಲ್ಲ. ಅಂದು ಬೆರಳು ಕೊಟ್ಟಿದ್ದರೆ ಉಳಿಯುತ್ತಿದ್ದರೇ? ಆ ಬಾಗಿಲಿನಿಂದ ಈ ಸಾವಿಗೆ ನೇರ ಗೆರೆ ಎಳೆಯುವುದು ಸುಲಭ. ಅಷ್ಟು ನೇರವಾದ ಗೆರೆಗಳನ್ನು ನಾನು ನಂಬುವುದಿಲ್ಲ. ಆದರೂ ಕೈ ಮತ್ತೆ ಮತ್ತೆ ಎಳೆಯುತ್ತದೆ.

ಈ ವರ್ಷ ಆ ಗುಳಿಗೆಯ ಅಧ್ಯಯನದ ಫಲಿತಾಂಶ ಯಾರು ಬೇಕಾದರೂ ಓದುವಂತೆ ಅಂತರ್ಜಾಲದಲ್ಲಿ ಪ್ರಕಟವಾಯಿತು. ಓಣಿಯ ಕಟ್ಟೆಯ ಮೇಲೆ ಕೂತು, ಮೊಬೈಲ್ ನೋಡುತ್ತ ಕನ್ನಡದಲ್ಲಿ ಹೇಳಿದೆ: ಹೊಸ ಗುಳಿಗೆಯಿಂದ ನೋವು ಕಡಿಮೆಯಾಗಲಿಲ್ಲ.

ಅಂದು ಗುಳಿಗೆ ನುಂಗಿದ್ದ ಒಬ್ಬಾಕೆ ಮೊಣಕಾಲು ಒತ್ತಿಕೊಳ್ಳುತ್ತ ಅಂದಳು: "ಅದು ನಮಗ ಗೊತ್ತಿತ್ತು. ರಕ್ತ ಒಯ್ದವ್ರಿಗೆ ಗೊತ್ತಾತೋ ಇಲ್ಲೋ ಅಂತ ದೊಡ್ಡವ್ವ ಕೇಳಾಕತ್ತಿದ್ಳು."

ಯಾರೂ ನಗಲಿಲ್ಲ. ಆಕೆಯೇ ಮತ್ತೆ, "ಇನ್ನೊಮ್ಮಿ ಓದು. ದೊಡ್ಡವ್ವನ ಮನಿ ಕಡಿ ಮಾರಿ ಮಾಡಿ ಓದು" ಎಂದಳು.

ತಿರುಗಿ ಕೂತು ಓದಿದೆ. ಬಾಗಿಲಿಗೆ ಬೀಗವಿತ್ತು.