ಐದು ಬೆರಳಿನ ವರದಿ

ಮೊನ್ನೆ ಅಟ್ಟದ ಮೇಲಿನ ಡಬ್ಬಿಗಳನ್ನು ಇಳಿಸಿ ಒರೆಸುವಾಗ ಅವುಗಳ ಕೆಳಗೆ ಹಾಸಿದ್ದ ಕಾಗದ ಕೈಗೆ ಬಂತು. ಎರಡೂ ಅಂಚಿಗೆ ಸಾಲಾಗಿ ತೂತುಗಳಿರುವ ಹಳೆಯ ಪ್ರಿಂಟರ್ ಕಾಗದ. ಖಾರದ ಪುಡಿ ಮತ್ತು ನುಸಿಗುಳಿಗೆ ಎರಡರ ವಾಸನೆಯೂ ಅದಕ್ಕೆ ಹತ್ತಿಕೊಂಡಿತ್ತು. ಶಾಯಿ ಮಾಸಿದ್ದರೂ ಓದಲು ಬರುತ್ತಿತ್ತು. ಸ್ಟೇಷನ್ನಿನ ಹೆಸರು, ಸಮಯ, ಐದು ಅಂಕಿ, ಕೊನೆಯ ಕಾಲಮ್ಮಿನಲ್ಲಿ ಕೇಳಿದವರ ಹೆಸರು. ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದು ಸ್ಟೂಲಿನ ಮೇಲೆ ಕೂತುಬಿಟ್ಟೆ. ಹರಿಹರದ ಆ ಅಮ್ಮ ನೆನಪಾದರು...

ತೊಂಬತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆಯ ಒಂದು ಕಂಪ್ಯೂಟರ್ ಕಲಿಸುವ ಸೆಂಟರಿನಲ್ಲಿ ನಾನು ಟೀಚರ್ ಆಗಿದ್ದೆ. ಊರಿಗೆ ಇಂಟರ್ನೆಟ್ ಆಗಷ್ಟೇ ಬಂದಿತ್ತು. ಫೋನಿನ ಲೈನು ಸಿಕ್ಕಿದರೆ ಪುಣ್ಯ, ಸಿಕ್ಕ ಮೇಲೆ ಕಡಿಯದಿದ್ದರೆ ಇನ್ನೂ ಪುಣ್ಯ. ನನಗೆ ಚಿಕ್ಕಂದಿನಿಂದ ಶಾರ್ಟ್‌ವೇವ್ ರೇಡಿಯೋದ ಹುಚ್ಚು. ದೂರದೂರದ ದೇಶಗಳ ಸ್ಟೇಷನ್ ಹುಡುಕುವುದು, ಸಿಕ್ಕಿದ್ದನ್ನು ಬರೆದಿಡುವುದು. ಗಂಡು ನೋಡಲು ಬಂದರೂ ಇವಳು ರೇಡಿಯೋದ ಕಿವಿ ಹಿಂಡುತ್ತಾ ಕೂತಿರುತ್ತಾಳೆ ಎಂದು ಮನೆಯಲ್ಲಿ ಆಡಿಕೊಳ್ಳುತ್ತಿದ್ದರು. ಇದೇ ಹುಚ್ಚಿನವರದೊಂದು ಇ-ಮೇಲ್ ಗುಂಪು ಇದೆ ಎಂದು ತಿಳಿದಾಗ, ಕಳೆದುಹೋದ ನೆಂಟರು ಸಿಕ್ಕಷ್ಟು ಖುಷಿಯಾಯಿತು.

ಐವತ್ತು ಅರವತ್ತು ಜನ ಇದ್ದೆವು. ಒಬ್ಬರ ಮುಖ ಇನ್ನೊಬ್ಬರು ನೋಡಿರಲಿಲ್ಲ. ಪರಿಚಯವೆಲ್ಲ ಅಂಕಿಗಳಿಂದಲೇ. ಸದ್ದು ಎಷ್ಟು ಜೋರು, ಪಕ್ಕದ ಸ್ಟೇಷನ್ ಎಷ್ಟು ಅಡ್ಡ ಬರುತ್ತದೆ, ಗರಗರ ಎಷ್ಟು, ಏರಿಳಿತ ಎಷ್ಟು, ಒಟ್ಟಿನಲ್ಲಿ ಹೇಗೆ ಎಂದು ಐದು ವಿಷಯಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಐದು ಅಂದರೆ ಚೊಕ್ಕ, ಒಂದು ಅಂದರೆ ದೇವರೇ ಗತಿ. ಜಬಲ್ಪುರದ ಒಬ್ಬ ಪೋಸ್ಟ್‌ಮ್ಯಾನ್ ಎಲ್ಲಕ್ಕೂ ಐದೈದು ಕೊಡುವ ಧಾರಾಳಿ. ಕೊಚ್ಚಿಯ ಒಬ್ಬ ವಕೀಲರು ಮೂರರ ಮೇಲೆ ಏರಿದ್ದೇ ಇಲ್ಲ. ಆ ಅಂಕಿ ನೋಡಿಯೇ ಯಾರು ಎಂಥವರು ಎಂದು ತಿಳಿಯುತ್ತಿತ್ತು. ಗುಂಪಿಗೆ ಇದ್ದ ನಿಯಮ ಒಂದೇ, ನಿಮ್ಮ ಸ್ವಂತ ಕಿವಿಯಿಂದ ಕೇಳಿದ್ದನ್ನು ಮಾತ್ರ ಬರೆಯಿರಿ. ವಾರಕ್ಕೊಮ್ಮೆ ಎಲ್ಲರ ವರದಿ ಸೇರಿಸಿ ಪಟ್ಟಿ ಮಾಡಿ ಕಳಿಸುವ ಕೆಲಸ ನನ್ನದು. ಆ ವಿಷಯದಲ್ಲಿ ನಾನು ಬಲು ಬಿಗಿ.

ಹರಿಹರದಿಂದ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಪ್ರತಿ ಶನಿವಾರ ವರದಿ ಕಳಿಸುತ್ತಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಕೂತು, ಎಲ್ಲವನ್ನೂ ದೊಡ್ಡಕ್ಷರದ ಇಂಗ್ಲಿಷಿನಲ್ಲಿ, "ಡಿಯರ್ ಸರ್" ಎಂದು ಶುರು ಮಾಡಿ ಬರೆಯುತ್ತಿದ್ದರು. ನಾನು ಬರೀ ಇನಿಷಿಯಲ್ ಹಾಕುತ್ತಿದ್ದೆ, ಹಾಗಾಗಿ ವರ್ಷವಿಡೀ ಸರ್ ಆಗಿಯೇ ಉಳಿದೆ. ಅವರ ಅಂಕಿಗಳಷ್ಟು ನಂಬಿಕೆಯವು ಬೇರೆ ಯಾರದೂ ಇರಲಿಲ್ಲ. ಹಾಗಿರುವಾಗ ಒಂದು ವಾರ, ಆಫ್ರಿಕಾದ ಒಂದು ಪುಟ್ಟ ಸ್ಟೇಷನ್ ಸಂಜೆ ಏಳರ ಹೊತ್ತಿಗೆ ಕೇಳಿಸಿತು ಎಂದು ಅವರು ಬರೆದರು. ದೇಶದಲ್ಲಿ ಇನ್ನಾರಿಗೂ ಅದು ಸಿಕ್ಕಿರಲಿಲ್ಲ. ಮುಂದಿನ ವಾರ ಮತ್ತೆ ಬರೆದರು. ಇದು ಶುದ್ಧ ಬುರುಡೆ, ಇವರನ್ನು ಗುಂಪಿನಿಂದ ತೆಗೆಯಿರಿ ಎಂದು ನಾಲ್ಕೈದು ಜನ ಎದ್ದರು. ಹರಿಹರ ನಿಮಗೆ ಅರ್ಧ ಗಂಟೆಯ ದಾರಿಯಲ್ಲವೇ, ನೀವೇ ಹೋಗಿ ನೋಡಿ ಬನ್ನಿ ಎಂದು ವಕೀಲರು ಅಪ್ಪಣೆ ಮಾಡಿದರು.

ಒಂದು ಭಾನುವಾರ ಸಂಜೆ ಹೋದೆ. ಬಾಗಿಲು ತೆರೆದವರು ಆ ಅಮ್ಮ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಅರ್ಧ ಸೋಸಿದ ಸೊಪ್ಪು. ಯಾರು ಏನು ಎಂದು ಹೇಳಿದೆ.

"ಅಯ್ಯೋ, ಆ ಸರ್ ನೀವೇ ಏನ್ರಿ! ಬರ್ರಿ, ಬರ್ರಿ, ಕೂಡ್ರಿ" ಎಂದು ನಕ್ಕರು.

ಒಳಗೆ ಮೇಷ್ಟ್ರು ನನ್ನ ಕಡೆ ಬೆನ್ನು ಹಾಕಿ ಕೂತಿದ್ದರು. ನಮಸ್ಕಾರ ಎಂದೆ, ತಿರುಗಲಿಲ್ಲ. ಇನ್ನೊಮ್ಮೆ ಎಂದೆ. ಅಮ್ಮ ಹೋಗಿ ಅವರ ಭುಜ ಮುಟ್ಟಿ, ಮುಖದೆದುರು ನಿಂತು ತುಟಿ ಆಡಿಸಿದರು. ಮೇಷ್ಟ್ರು ತಿರುಗಿ ನನ್ನನ್ನು ಕಂಡವರೇ ಬಿಳುಚಿಕೊಂಡರು. ಬೇರೆಯವರ ತುಟಿ ಅವರಿಗೆ ತಿಳಿಯುತ್ತಿರಲಿಲ್ಲ, ಹೆಂಡತಿಯದು ಮಾತ್ರ. ಉಳಿದವರು ಬರೆದು ತೋರಿಸಲೆಂದು ಮೇಜಿನ ಮೇಲೆ ಒಂದು ಸ್ಲೇಟು ಇತ್ತು. ನಮ್ಮ ಗುಂಪಿನ ಅತ್ಯುತ್ತಮ ಕಿವಿಯ ಮನುಷ್ಯನಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ.

ಅವರು ಏನೂ ಮುಚ್ಚಿಡಲಿಲ್ಲ. ನಾಲ್ಕು ವರ್ಷದ ಹಿಂದೆ ಜ್ವರ ಬಂದು ಕಿವಿ ಹೋಗಿತ್ತಂತೆ. ಅದಕ್ಕೂ ಮುಂಚೆ ಮೂವತ್ತು ವರ್ಷ ರೇಡಿಯೋ ಕೇಳಿದ್ದರು. ಪ್ರತಿ ಸ್ಟೇಷನ್ ಶುರುವಾಗುವಾಗ ಬರುವ ರಾಗ ಹೇಗಿರುತ್ತದೆ ಎಂದು ನೋಟ್‌ಬುಕ್ಕುಗಳಲ್ಲಿ ಚಿತ್ರದ ಹಾಗೆ ಬರೆದಿಟ್ಟಿದ್ದರು.

"ಒಂದು ವರ್ಷ ರೇಡಿಯೋಕ್ಕೆ ಬಟ್ಟೆ ಮುಚ್ಚಿ ಕುಂತಿದ್ರು" ಎಂದರು ಅಮ್ಮ. "ಊಟ ಸೇರ್ತಿರ್ಲಿಲ್ಲ. ಉಕ್ಕಡಗಾತ್ರಿ ಗುಡಿಗೆ ಹೋಗಿ ಬರೋ ಬಸ್ಸಿನಾಗ ನಂಗೆ ಹೊಳೀತು ನೋಡ್ರಿ. ನಂಗೆ ಕಿವಿ ಐತೆ, ಇವರಿಗೆ ತಲಿ ಐತೆ. ಇಬ್ರೂ ಸೇರಿದ್ರೆ ಒಂದು ಆಳು ಆಗಲ್ಲೇನು?"

ಏಳು ಗಂಟೆಗೆ ಇಬ್ಬರೂ ಕೆಲಸಕ್ಕೆ ಕೂತರು. ಮೇಷ್ಟ್ರು ಮುಳ್ಳು ತಿರುಗಿಸುವುದು, ಅಮ್ಮ ಸ್ಪೀಕರಿಗೆ ಕಿವಿ ಹಚ್ಚಿ ಅವರ ಮುಂಗೈ ಮೇಲೆ ಬೆರಳಿನಿಂದ ತಾಳ ಬಡಿಯುವುದು. ಮೇಷ್ಟ್ರು ನೋಟ್‌ಬುಕ್ಕಿನ ಹಾಳೆ ಮಗುಚಿ ಆ ತಾಳ ಯಾವ ಸ್ಟೇಷನ್ನಿನದು ಎಂದು ಹುಡುಕುವರು. ಆಮೇಲೆ ಅಮ್ಮ ಕೈ ಎತ್ತಿ ಬೆರಳು ತೋರಿಸುವರು. ಸದ್ದಿಗೆ ಮೂರು, ಅಡ್ಡಿಗೆ ನಾಲ್ಕು... ಐದರ ಒಳಗಿನ ಲೆಕ್ಕವಾದ್ದರಿಂದ ಒಂದೇ ಕೈ ಸಾಕಾಗಿತ್ತು. ಗರಗರ ಬಂದರೆ "ಸಾಸಿವಿ ಸಿಡಿದಂಗೆ" ಎನ್ನುವರು, ಏರಿಳಿತಕ್ಕೆ "ತೊಟ್ಲು ತೂಗಿದಂಗೆ". ಇಂಗ್ಲಿಷ್ ಒಂದಕ್ಷರ ಬಾರದ ಆ ಹೆಂಗಸಿನ ಕಿವಿ ಎಷ್ಟು ಚುರುಕೆಂದರೆ, ನಾನು ಬರೀ ಗದ್ದಲ ಎಂದುಕೊಂಡಿದ್ದರೊಳಗಿಂದ ಆ ಆಫ್ರಿಕಾದ ಸ್ಟೇಷನ್ನನ್ನು ಎತ್ತಿ ತೋರಿಸಿದರು. ನಾನೂ ಕಿವಿ ಹಚ್ಚಿದೆ. ಡೋಲಿನ ಸದ್ದು, ಆಮೇಲೆ ಸ್ಟೇಷನ್ನಿನ ಹೆಸರು. ವರದಿ ಅಪ್ಪಟ ನಿಜ.

ನಿಜ, ಆದರೆ ಸ್ವಂತ ಕಿವಿಯದಲ್ಲ. ನನ್ನ ಮುಖ ನೋಡಿ ಮೇಷ್ಟ್ರಿಗೆ ಅರ್ಥವಾಯಿತು.

"ಊರಾಗೆ ನಾನು ಕಿವುಡ ಮೇಷ್ಟ್ರು, ಮೇಡಂ" ಎಂದರು, ತಮ್ಮ ದನಿ ಎಷ್ಟು ಜೋರಾಗಿದೆ ಎಂಬುದು ತಿಳಿಯದೆ. "ನಿಮ್ಮ ಗುಂಪಿನಾಗೆ ಮಾತ್ರ ನಾನು ಕೇಳೋ ಮನುಷ್ಯ. ಅದೊಂದು ಕಿತ್ಕಬ್ಯಾಡ್ರಿ."

ಸ್ಲೇಟಿನ ಮೇಲೆ "ಇಲ್ಲ, ಕಿತ್ಕೊಳ್ಳಲ್ಲ" ಎಂದು ಬರೆದು ತೋರಿಸಿದೆ.

ಅಮ್ಮ ಬಸ್ಸಿನವರೆಗೂ ಬಂದರು. ದಾರಿಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತಾ, ಏನೋ ಕಡ ಕೇಳುವವರ ಹಾಗೆ ಅಳುಕುತ್ತಾ ಮಾತು ತೆಗೆದರು.

"ಆ ಪಟ್ಟ್ಯಾಗೆ ಇವರ ಹೆಸರಿನ ಪಕ್ಕಕ್ಕೆ ಸಣ್ಣಗೆ ನನ್ನದೂ ಹಾಕಾಕ ಬರುತ್ತೇನವ್ವಾ? ಒಂದೇ ಸಲ ಸಾಕು. ಅದು ನಾನು ಹೇಳೋ ಮಾತಲ್ಲ, ನೀವು ಇವರಿಗೆ ಒಂದು ಮಾತು ಬರೆದು ನೋಡ್ರಿ. ನಿಮಗೆ ಇಲ್ಲ ಅನ್ನಲ್ಲ."

"ನಿಮಗೆ ಇಂಗ್ಲಿಷ್ ಓದಕ್ಕೆ ಬರಲ್ವಲ್ಲಮ್ಮ" ಎಂದೆ. ಎಂಥ ಮಾತು ಆಡಿದೆ ನೋಡಿ.

"ಎಷ್ಟನೇ ಸಾಲು ಅಂತ ಬೆರಳಿಟ್ಟು ತೋರ್ಸಿದ್ರೆ ಆತು. ಲಗ್ನದ ಕಾರ್ಡು ಬಿಟ್ರೆ ನನ್ನ ಹೆಸರು ಎಲ್ಲೂ ಅಚ್ಚಾಗಿಲ್ಲ."

ಬರೀತೀನಮ್ಮ ಎಂದು ಹೇಳಿ ಬಸ್ಸು ಹತ್ತಿದೆ.

ಮರುದಿನ ಗುಂಪಿಗೆ ಬರೆದೆ: "ಹೋಗಿದ್ದೆ. ನನ್ನ ಕಿವಿಯಿಂದಲೇ ಕೇಳಿದೆ. ವರದಿ ಸರಿ ಇದೆ." ಒಂದಕ್ಷರವೂ ಸುಳ್ಳಲ್ಲ. ವಕೀಲರು ಕ್ಷಮೆ ಕೇಳಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಮ್ಮನ ಮಾತನ್ನು ಮಾತ್ರ ಮೇಷ್ಟ್ರಿಗೆ ಬರೆಯಲಿಲ್ಲ. ಆ ಮನುಷ್ಯ ಈಗಷ್ಟೇ ಅಂಗಲಾಚಿದ್ದಾರೆ, ಸ್ವಲ್ಪ ದಿನ ಹೋಗಲಿ ಎಂದುಕೊಂಡೆ. ಆಮೇಲೆ ಪರೀಕ್ಷೆ ಬಂತು, ಹೊಸ ಬ್ಯಾಚು ಬಂತು... ಬರೆಯಬೇಕಿದ್ದದ್ದು ಬರೀ ಒಂದು ಸಾಲಿನ ಮೇಲ್. ಪ್ರತಿ ವಾರ ಪಟ್ಟಿ ಮಾಡುವಾಗ ಹರಿಹರದ ಸಾಲಿಗೆ ಬಂದಾಗ ನೆನಪಾಗುತ್ತಿತ್ತು, ಪಟ್ಟಿ ಕಳಿಸಿದ ಮೇಲೆ ಮರೆಯುತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಮೂರು ಶನಿವಾರ ಹರಿಹರದಿಂದ ಏನೂ ಬರಲಿಲ್ಲ. ಲೈನು ಕೆಟ್ಟಿರಬೇಕು ಎಂದುಕೊಂಡೆ. ನಾಲ್ಕನೆಯ ಶನಿವಾರ ಮೇಲ್ ಬಂತು. ನನಗಲ್ಲ, ಇಡೀ ಗುಂಪಿಗೆ. ಯಾವತ್ತಿನಂತೆ ದೊಡ್ಡಕ್ಷರದಲ್ಲಿ.

ತಾನು ನಾಲ್ಕೈದು ವರ್ಷದಿಂದ ಕಿವುಡ, ಇದುವರೆಗಿನ ಎಲ್ಲ ವರದಿಗಳನ್ನು ಕೇಳಿದವಳು ತನ್ನ ಹೆಂಡತಿ, ಆಕೆ ಈ ತಿಂಗಳು ಎರಡನೆಯ ವಾರ ತೀರಿಕೊಂಡಳು, ದಯವಿಟ್ಟು ಹೆಸರು ತಿದ್ದಿಕೊಳ್ಳಿ ಎಂದು ಬರೆದಿದ್ದರು. ಕೆಳಗೆ ಅಮ್ಮನ ಹೆಸರು ಇತ್ತು. ಅದನ್ನು ನಾನು ಓದಿದ್ದು ಅದೇ ಮೊದಲ ಸಲ. ಹೆಸರು ಹಾಕಿಸುತ್ತೇನೆ ಎಂದು ಮಾತು ಕೊಟ್ಟು ಬಂದವಳು, ಅವರ ಹೆಸರೇನು ಎಂದು ಕೇಳಿಯೇ ಇರಲಿಲ್ಲ. ಸೆಂಟರಿನಲ್ಲಿ ಹುಡುಗರ ಎದುರೇ ಅತ್ತೆ.

ಗುಂಪಿನಲ್ಲಿ ಯಾರೂ ನಿಯಮದ ಮಾತೆತ್ತಲಿಲ್ಲ. ಅಂಥ ಕಿವಿ ನಮ್ಮಲ್ಲಿ ಯಾರಿಗಿದೆ ಎಂದು ವಕೀಲರೇ ಬರೆದರು. ಎರಡು ದಿನ ಕೂತು ಹಳೆಯ ಪಟ್ಟಿಗಳನ್ನೆಲ್ಲ ತಿದ್ದಿ, ಪ್ರಿಂಟ್ ತೆಗೆದು ಹರಿಹರಕ್ಕೆ ಒಯ್ದೆ. ಮೇಷ್ಟ್ರು ಒಂದೊಂದೇ ಹಾಳೆ ನೋಡಿದರು. ಹೆಂಡತಿಯ ಹೆಸರು ಬಂದಲ್ಲೆಲ್ಲ ಸ್ವಲ್ಪ ನಿಂತರು. ಕೊನೆಯ ಹಾಳೆ ಮಗುಚಿಟ್ಟು ಮಾತಾಡಿದರು.

"ಆಕಿ ಒಂದ್ಸಲ ನನ್ನ ಕೇಳಿದ್ಲು, ಮೇಡಂ. ನನ್ನ ಹೆಸರೂ ಹಾಕ್ರಿ ಅಂತ. ತುಟಿ ನೋಡಿ ನಂಗೆ ತಿಳೀತು. ತಿಳೀಲಿಲ್ಲ ಅನ್ನೋ ಹಂಗೆ ಕುಂತೆ. ಮತ್ತೆ ಕೇಳ್ಲಿಲ್ಲ ಆಕಿ."

ಹೇಳಿ, ನಾನೇನಾದರೂ ಬರೆಯಲಿ ಎಂದು ಸ್ಲೇಟು ಮುಂದೆ ಹಿಡಿದರು. ಬಳಪ ತೆಗೆದುಕೊಂಡು "ಬಸ್ಸಿಗೆ ಹೊತ್ತಾಯಿತು, ಬರ್ತೀನಿ" ಎಂದು ಬರೆದು ಎದ್ದು ಬಂದೆ.

ಮೇಷ್ಟ್ರೂ ಹೋಗಿ ಎಷ್ಟೋ ವರ್ಷವಾಯಿತು. ಆ ಗುಂಪೂ ಇಲ್ಲ, ಆ ಸ್ಟೇಷನ್ನುಗಳಲ್ಲಿ ಅರ್ಧಕ್ಕರ್ಧ ಬಂದ್ ಆಗಿವೆ. ಅಷ್ಟು ದೊಡ್ಡ ತಪ್ಪನ್ನು ಆ ಮುದುಕರು ತಾವೊಬ್ಬರೇ ಮಾಡಿದ್ದು ಎಂದುಕೊಂಡೇ ಹೋದರು. ಆಕೆ ನನಗೂ ಹೇಳಿದ್ದರು, ನಾನೂ ಸುಮ್ಮನಿದ್ದೆ ಎಂದು ಅವತ್ತು ಸ್ಲೇಟಿನ ಮೇಲೆ ಬರೆಯಬೇಕಿತ್ತು.