ಕಾಯಿಲ್ ಒಲೆಗಳು ಉಳಿಸಿದ ಟ್ರಾನ್ಸ್‌ಫಾರ್ಮರ್

ಬೀದರ್ ಕಡೆ ಸತತ ಎರಡನೇ ವರ್ಷವೂ ಮಳೆ ಕೈಕೊಟ್ಟಾಗಿನ ಮಾತು. ನಾನು ಆಗ ವಿದ್ಯುತ್ ಇಲಾಖೆಯಲ್ಲಿ ಜೂನಿಯರ್ ಎಂಜಿನಿಯರ್. ಮನೆ ಭಾಲ್ಕಿಯಲ್ಲಿ, ಕೆಲಸ ಔರಾದ ಕಡೆಯ ಹಳ್ಳಿಗಳಲ್ಲಿ. ಅಂಥದ್ದೊಂದು ಹಳ್ಳಿಯಲ್ಲಿ ಒಂದರ ಹಿಂದೊಂದು ಎರಡು ಟ್ರಾನ್ಸ್‌ಫಾರ್ಮರ್ ಸುಟ್ಟವು. ಕುಡಿಯುವ ನೀರಿನ ಬೋರ್‌ವೆಲ್ಲಿಗೂ ಆ ಟ್ರಾನ್ಸ್‌ಫಾರ್ಮರೇ ಗತಿ. ಬೀದರಿನಿಂದ ಕಾಡಿ ಬೇಡಿ ಮೂರನೆಯದನ್ನು ತಂದಿದ್ದೆ. ಇದೂ ಸುಟ್ಟರೆ ಮತ್ತೊಂದು ಇಲ್ಲ ಎಂದು ಮೇಲಿನವರು ಖಡಾಖಂಡಿತವಾಗಿ ಹೇಳಿದ್ದರು.

ಅದನ್ನು ಕೂರಿಸಿದ ಮೇಲೆ ಲೈನ್‌ಮನ್ ಉದ್ದನೆಯ ಕೋಲಿನಿಂದ ಮೂರು ಫ್ಯೂಸ್‌ಗಳನ್ನು ಒಂದೊಂದಾಗಿ ಹಾಕತೊಡಗಿದ. ಎರಡನೆಯದು ಹಾಕಿದ್ದೇ ತಡ, ಟ್ರಾನ್ಸ್‌ಫಾರ್ಮರ್ ಗುಟುರು ಹಾಕತೊಡಗಿತು. ಕೂಡಲೇ ಫ್ಯೂಸ್ ತೆಗೆಸಿದೆ. ಹಿಂದಿನವು ಸುಟ್ಟದ್ದೇಕೆಂದು ಆಗ ಹೊಳೆಯಿತು. ಬಾವಿಗಳು ಬತ್ತಿ, ಅರ್ಧ ಊರು ಹೈದರಾಬಾದಿಗೆ ಗುಳೆ ಹೋಗಿತ್ತು. ಒಂದು ಫೇಸ್ ಹೋದಾಗಲೂ ಮೋಟಾರು ಓಡಿಸಲು ಹಾಕಿಕೊಂಡಿದ್ದ ಕಂಡೆನ್ಸರ್‌ಗಳನ್ನು ರೈತರು ಲೈನಿಗೇ ಬಿಟ್ಟು, ಪಂಪಿನ ಶೆಡ್ಡಿಗೆ ಬೀಗ ಜಡಿದಿದ್ದರು. ಕಂಡೆನ್ಸರ್ ಇದೆ, ಕರೆಂಟು ಬಳಸುವ ಲೋಡ್ ಇಲ್ಲ, ಮೂರು ಫ್ಯೂಸ್‌ಗಳಲ್ಲಿ ಎರಡಷ್ಟೇ ಕೂತಿವೆ. ಇಂಥ ಹೊತ್ತಿನಲ್ಲಿ ವೋಲ್ಟೇಜ್ ಜೋಕಾಲಿಯಂತೆ ಜೀಕುತ್ತ ಏರುತ್ತದೆ. ಓದುವಾಗ ಇದನ್ನು ಫೆರೋರೆಸೊನೆನ್ಸ್ ಎಂದು ಬಾಯಿಪಾಠ ಮಾಡಿದ್ದೆ. ಲೋಡ್ ಕೊಟ್ಟರೆ ಅದು ತಣ್ಣಗಾಗುತ್ತದೆ.

ಲೋಡ್ ಎಲ್ಲಿಂದ ತರಲಿ? ನೆನಪಾದದ್ದು ಕಾಯಿಲ್ ಒಲೆ, ತಂತಿಯ ಸುರುಳಿ ಕೆಂಪಗೆ ಕಾಯುವ ಕರೆಂಟಿನ ಒಲೆ. ಊರವರು ಮೀಟರ್ ತಪ್ಪಿಸಿ ಅದರ ಮೇಲೆ ಅಡುಗೆ ಮಾಡುವುದು, ನಮ್ಮ ಜೀಪ್ ಕಂಡರೆ ಕೌದಿಯೊಳಗೆ ಬಚ್ಚಿಡುವುದು, ನಾವು ಹುಡುಕಿ ಜಪ್ತಿ ಮಾಡುವುದು ನಮ್ಮ ನಡುವಿನ ಹಳೇ ಆಟ. ಟ್ಯಾಂಕಿನ ಬಳಿ ಖಾಲಿ ಕೊಡ ಹಿಡಿದು ನಿಂತಿದ್ದ ಹೆಂಗಸರಿಗೆ, ಎಲ್ಲರೂ ಒಲೆಯ ಸ್ವಿಚ್ ಹಾಕಿಡಿ ಎಂದು ಕೈಮುಗಿದು ಕೇಳಿದೆ. ನಮ್ಮಲ್ಲಿ ಒಲೆ ಇಲ್ಲವೇ ಇಲ್ಲ ಎಂದರು. ಕಾಯಿಲ್ ಅಂದರೇನು ಎಂದು ನನ್ನನ್ನೇ ಕೇಳಿದವರೂ ಇದ್ದರು.

ಕೊನೆಗೆ ಶಾಂತಮ್ಮ ಎಂಬ ಹಿರಿಯರು ಮುಂದೆ ಬಂದರು.

"ನಮ್ಮ ಮನ್ಯಾಗ ಎರಡು ಅವರಿ ಸಾಹೇಬ್ರ. ಒಯ್ಯೋದಿದ್ರ ಆಮ್ಯಾಲ ಒಯ್ರಿ, ಮೊದಲ ನೀರು ಬರ್ಲಿ."

"ಒಂದೂ ಒಯ್ಯಂಗಿಲ್ರಿ ಅವ್ವಾ," ಎಂದೆ.

ಆಮೇಲೆ ನೋಡಬೇಕು, ಇಲ್ಲವೇ ಇಲ್ಲ ಎಂದ ಮನೆಗಳಲ್ಲೂ ಒಲೆಗಳು ಹೊರಬಂದವು. ಎಲ್ಲರೂ ಸ್ವಿಚ್ ಹಾಕಿ ಕಾದರು. ಲೈನ್‌ಮನ್ ಮೂರೂ ಫ್ಯೂಸ್ ಹಾಕಿದ. ಟ್ರಾನ್ಸ್‌ಫಾರ್ಮರ್ ಸಣ್ಣಗೆ ಗುಂಯ್‌ಗುಟ್ಟಿತು, ಅಷ್ಟೇ. ಸ್ವಲ್ಪ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತು. ಬೀಗ ಹಾಕಿದ ಶೆಡ್ಡುಗಳ ತಂತಿಯನ್ನು ಮರುದಿನ ಮತ್ತೆ ಬಂದು ಕಂಬದಲ್ಲೇ ಬಿಡಿಸಿದೆವು.

ಅವತ್ತು ಶಾಂತಮ್ಮನವರ ಒಲೆಯ ಮೇಲೆ ಮಾಡಿದ ಚಹಾ ಕುಡಿದೇ ಊರು ಬಿಟ್ಟೆ. ಕಸಿದುಕೊಂಡು ಹೋಗುತ್ತಿದ್ದವನ ಒಂದು ಮಾತು ನಂಬಿ, ಬಚ್ಚಿಟ್ಟದ್ದನ್ನೆಲ್ಲ ತಂದು ಎದುರಿಗಿಟ್ಟರಲ್ಲ, ಅದನ್ನು ನೆನೆದರೆ ಇವತ್ತಿಗೂ ಮನಸ್ಸು ತುಂಬಿ ಬರುತ್ತದೆ.